ವಿರೂಪಣ್ಣನ ಕಾಲೂ ಮಾಳಿಂಗಪ್ಪನ ಬರೆಯೂ

ವಿರೂಪಣ್ಣನಿಗೆ ಕಾಲುನೋವು ಬಂದದ್ದು ದೊಡ್ಡ ಸುದ್ದಿಯೇನಲ್ಲ. ಅದನ್ನು ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಶಿವಬಸಮ್ಮ ಬಾವಿಗೆ ಹೋಗಿ ಕೊಡ ತುಂಬುವಷ್ಟರಲ್ಲಿ ಸುದ್ದಿ ಗಬ್ಬೂರಿನ ಅಗಸಿ ದಾಟಿತ್ತು.

ಮೂತ್ರ ಕಡಿಮೆಯಾಗಿದೆಯೆಂದು ಅವನು ತಿಂಗಳಿಂದ ಎಳನೀರು ಕುಡಿದು ಬಾಳೆಹಣ್ಣು ತಿನ್ನುತ್ತಿದ್ದ. ಕೈಕಾಲು ಜಗ್ಗತೊಡಗಿದ ಮೇಲೆ ಓಣಿಯವರು ಕರುಣೆಯಿಂದ ಇನ್ನಷ್ಟು ತಂದುಕೊಟ್ಟರು. ತಿಂದಷ್ಟೂ ಕಾಲು ಸೋತವು.

ಒಂದು ಬೆಳಿಗ್ಗೆ ಮಾಳಿಂಗಪ್ಪ ಬಂದ. ದನಕ್ಕೂ ಜನಕ್ಕೂ ಒಂದೇ ಕಬ್ಬಿಣ ಕಾಯಿಸಿ ಬರೆ ಹಾಕುವ ಮಹಾನುಭಾವ. ವಿರೂಪಣ್ಣನ ಮೀನಖಂಡ ಹಿಚುಕಿ ನೋಡಿದ.

"ವಾಯು ಹೊಕ್ಕಾದ. ಮೂರು ಬರಿ ಸಾಕು. ಹೊತ್ತು ಮುಳುಗೂದ್ರಾಗ ಕಾಲು ನೆಟ್ಟಗಾಗಲಿಲ್ಲಂದ್ರ ಹಾಕೇಬಿಡೂನು."

"ಹಾಕು ಯಣ್ಣಾ, ಇವರ ಮಾತು ಕೇಳಬ್ಯಾಡ" ಅಂದಳು ಶಿವಬಸಮ್ಮ.

ಕಾದ ಕಬ್ಬಿಣ ಕನಸಿನಲ್ಲಿ ಕಂಡರೂ ಬೆವರುವ ಜೀವ ವಿರೂಪಣ್ಣನದು. ಡಾಕ್ಟರಿಗೆ ತೋರಿಸಿ ಬರುತ್ತೇನೆಂದು ಗೋಡೆ ಹಿಡಿದುಕೊಂಡು ಹೋಗಿ ರಾಯಚೂರಿನ ಬಸ್ಸು ಹತ್ತಿದ.

ಪಕ್ಕದಲ್ಲಿ ಕೂತಿದ್ದ ಅತ್ತರು ಮಾರುವ ಪೀರಾ ಸಾಬ್ ಕತೆಯೆಲ್ಲ ಕೇಳಿದ. "ತಾಕತ್ತಿಲ್ಲ ನಿಮಗ, ತಗೋರಿ" ಎಂದು ಎರಡು ಬಾಳೆಹಣ್ಣು ಸುಲಿದೇ ಕೊಟ್ಟ. ಒಲ್ಲೆನೆಂದರೆ ಪಾಪ ನೊಂದುಕೊಂಡಾನೆಂದು ವಿರೂಪಣ್ಣ ತಿಂದ. ರಾಯಚೂರಲ್ಲಿ ಅವನನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು.

ದವಾಖಾನೆಯ ಡಾಕ್ಟರು ನಾಡಿ ಹಿಡಿದು, ರಕ್ತ ಪರೀಕ್ಷೆ ಮಾಡಿಸಿ, ತಿನ್ನುವುದೇನು, ಕುಡಿಯುವುದೇನು ಎಂದು ವಿಚಾರಿಸಿ ಹಣೆ ಚಚ್ಚಿಕೊಂಡರು.

"ನಿಮ್ಮ ಮೂತ್ರಪಿಂಡ ಸರಿಯಾಗಿ ಸೋಸವಲ್ದು. ಎಳನೀರಿನಾಗ, ಬಾಳೆಹಣ್ಣಿನಾಗ ಪೊಟ್ಯಾಸಿಯಂ ಅಂತ ಒಂದು ಉಪ್ಪಿರ್ತದ. ಅದು ರಕ್ತದಾಗ ಹೆಚ್ಚಾಗಿ ಕೈಕಾಲು ಹಿಡಕೊಂಡಾವ. ಅವನ್ನ ಇವತ್ತೇ ಬಿಡ್ರಿ. ಇವತ್ತು ಇಲ್ಲಿ ಜಾಗಾ ಇಲ್ಲ, ನಾಳಿ ಮುಂಜಾನೆದ್ದು ಹಾಸಿಗಿ ಕಟಗೊಂಡು ಬರ್ರಿ, ಇಲ್ಲೇ ಇಟಗೊಂತೀವಿ."

"ಬರಿ ಹಾಕಿದ್ರ ಹೋಗ್ತದೇನ್ರಿ?"

"ಚರ್ಮ ಹೋಗ್ತದ."

ವಿರೂಪಣ್ಣನಿಗೆ ಧೈರ್ಯ ಬಂತು. ಆದರೆ ಮರಳುವ ಬಸ್ಸಿನಲ್ಲಿ ಅದು ಸೋರಿಹೋಯಿತು. ಹಣ್ಣು ತಿಂದು ಕಾಲು ನೊಂದವೆಂದರೆ ಗಬ್ಬೂರಲ್ಲಿ ನಂಬುವವರು ಯಾರು? ಇದೊಂದು ಸಂಜೆ ಕಳೆದರೆ ಸಾಕು, ನಾಳೆ ದವಾಖಾನೆಯ ಆಶ್ರಯವಿದೆ. ಏನಾದರಾಗಲಿ, ನೆಟ್ಟಗೆ ನಡೆದು ತೋರಿಸುವುದೆಂದು ನಿಶ್ಚಯಿಸಿದ.

ಬಸ್ಸು ನಿಂತಲ್ಲಿ ಹೆಂಡತಿ, ಮಾಳಿಂಗಪ್ಪ, ಅರ್ಧ ಓಣಿ ಕಾದಿತ್ತು. ವಿರೂಪಣ್ಣ ಹಲ್ಲುಕಚ್ಚಿ ಇಳಿದ. ಯಾರ ಕೈಯನ್ನೂ ಹಿಡಿಯದೆ ಮದುಮಗನ ಹಾಗೆ ಎದೆಯುಬ್ಬಿಸಿ ಮನೆತನಕ ನಡೆದ. ಹೆಜ್ಜೆಗೊಮ್ಮೆ ನೋವು ನೆತ್ತಿಗೇರುತ್ತಿತ್ತು, ಮುಖದಲ್ಲಿ ಮಾತ್ರ ನಗೆ. ಕಟ್ಟೆಯ ಮೇಲೆ ಕೂತು, "ನೋಡ್ರಿ, ಎಲ್ಲಾ ಹೋಗ್ಯಾದ" ಅಂದ.

ಶಿವಬಸಮ್ಮನ ಕಣ್ಣಲ್ಲಿ ನೀರು ಬಂತು. ಅವಳು ಕೈಮುಗಿದದ್ದು ಮಾಳಿಂಗಪ್ಪನಿಗೆ.

"ಯಣ್ಣಾ, ನಿನ್ನ ಕೈಗುಣ ದೊಡ್ಡದು. ಬರಿ ಹಾಕ್ತೀನಿ ಅಂದ ಮಾತಿಗೇ ಇವರು ಹಿಂಗ ನಡಕೋತ ಬಂದ್ರು."

"ಮಾತಿಗೇ ಇಷ್ಟು ಗುಣ ಬಂತಂದ್ರ ಇದು ಬರಿಗೇ ಬಗ್ಗೂ ರೋಗ, ತಂಗಿ" ಎಂದು ಮಾಳಿಂಗಪ್ಪ ಗಂಭೀರನಾದ. "ಅರ್ಧಕ್ಕ ಬಿಟ್ರ ತಿರುಗಿ ಬರ್ತದ."

ಓಣಿಯೆಲ್ಲ ಹೌದು ಹೌದೆಂದಿತು. ವಿರೂಪಣ್ಣ ಕಾಲು ಮಡಚಿಕೊಂಡು ಗೋಡೆಗೆ ಸರಿದ.

"ಇಲ್ರಪಾ, ಸುಳ್ಳು ಹೇಳೀನಿ. ನೋವು ಇನ್ನೂ ಹಂಗೇ ಅದ."

"ಕೇಳಿದ್ರ್ಯಾ? ಆಗಲೇ ತಿರುಗಿ ಬಂತು" ಅಂದ ಮಾಳಿಂಗಪ್ಪ. "ಒಲಿ ಹಚ್ಚು, ತಂಗಿ."