ಹೋರಿಗೆ ಕಾಲು ಕೊಡದ ಮ್ಯಾನೇಜರುಗಳು

ಯಾರಾದರೂ ನನ್ನೆದುರು "ನಿಮಗೆ ಬೇಕಾದದ್ದನ್ನು ನೀವೇ ಆರಿಸಿಕೊಳ್ಳಿ" ಎಂದರೆ ಈಗೀಗ ನನಗೆ ಮೈಯೆಲ್ಲ ಉರಿಯುತ್ತದೆ. ಊಟಕ್ಕೆ ಕೂತವನಿಗೆ ರೊಟ್ಟಿ ಬಡಿಸುವುದು ಬಿಟ್ಟು ಹಿಟ್ಟಿನ ಡಬ್ಬಿಗಳನ್ನು ಸಾಲಾಗಿ ಮುಂದಿಟ್ಟು ಹೋಗುವ ಸೌಜನ್ಯ ಇದು. ಅಂಗೈಯಗಲದ ಒಂದು ಕಂಪ್ಯೂಟರ್ ಕೊಂಡು ನಾನು ಈ ಸೌಜನ್ಯಕ್ಕೆ ಬಲಿಯಾದೆ.

ಹಾನಗಲ್ಲಿನಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ದೀಪಾವಳಿ ಬಂತೆಂದರೆ ನಮ್ಮ ಕಡೆ ಹೋರಿಗಳನ್ನು ಸಿಂಗರಿಸಿ ಅಖಾಡದಲ್ಲಿ ಓಡಿಸುವ ಹೋರಿ ಹಬ್ಬ, ಹೋರಿ ಹಬ್ಬವೆಂದರೆ ಹೋರಿಗಳ ಫ್ಲೆಕ್ಸು. ಹುಟ್ಟುಹಬ್ಬದ ಫ್ಲೆಕ್ಸಿನವರು ಅಂಗಡಿಗೇ ಬಂದು ಡಿಸೈನ್ ನೋಡುತ್ತಾರೆ. ಹೋರಿಯ ಒಡೆಯರು ಬರುವುದಿಲ್ಲ. ಅವರಿಗೆ ಕೊಟ್ಟಿಗೆಯಲ್ಲಿ, ಹೋರಿಯ ಪಕ್ಕದಲ್ಲೇ ನಿಂತು ನೋಡಬೇಕು, ಅಲ್ಲೇ ತಿದ್ದಿಸಬೇಕು. ನನ್ನ ಡಿಸೈನಿನ ಸಾಫ್ಟ್‌ವೇರ್ ಫೋನಿನಲ್ಲಿ ಓಡುವುದಿಲ್ಲವಾದ್ದರಿಂದ ಜೇಬಿನಲ್ಲಿ ಹಿಡಿಸುವ ಈ ಯಂತ್ರ ತರಿಸಿದೆ. ತರಿಸಿದ ಮೇಲೆ ಗೊತ್ತಾಯಿತು: ಯಾವ ಪ್ರೋಗ್ರಾಮಿನ ಕಿಟಕಿ ತೆರೆಯ ಮೇಲೆ ಎಲ್ಲಿ ಕೂರಬೇಕೆಂದು ಹೇಳಲು ವಿಂಡೋ ಮ್ಯಾನೇಜರ್ ಎಂಬ ಬೇರೆಯೇ ಪ್ರೋಗ್ರಾಂ ಬೇಕು, ಹತ್ತಾರರಲ್ಲಿ ಒಂದನ್ನು ನಾನೇ ಆರಿಸಬೇಕು. ಅಲ್ಲ, ಅಂಗೈಯಷ್ಟು ಜಾಗಕ್ಕೆ ಮ್ಯಾನೇಜರ್ ಯಾಕೆ? ನನ್ನ ಇಡೀ ಅಂಗಡಿಗೇ ಒಬ್ಬ ಮ್ಯಾನೇಜರ್ ಇಲ್ಲ.

ಮೊದಲು ಹಾಕಿಕೊಂಡ ಮ್ಯಾನೇಜರಿಗೆ ದರ್ಬಾರಿನ ಸ್ವಭಾವ. ಮೇಲೊಂದು ಹೆಸರಿನ ಪಟ್ಟಿ, ಕೆಳಗೊಂದು ಗಡಿಯಾರದ ಪಟ್ಟಿ, ಮಿಕ್ಕಿದ್ದು ನಮಗೆ. ಅದು ಏನಾದರೂ ಕೇಳಲು ತೆರೆಯುವ ಪೆಟ್ಟಿಗೆ ತೆರೆಗಿಂತ ಉದ್ದ. 'ಸರಿ' ಎಂದು ಒತ್ತಬೇಕಾದ ಗುಂಡಿ ಅಂಚಿನ ಕೆಳಗೆ ಪಾತಾಳದಲ್ಲಿ. ಅದನ್ನೇ ಹಿಡಿದುಕೊಂಡು ಹಿರೇಕೆರೂರು ಹತ್ತಿರದ ಹಳ್ಳಿಗೆ, ಬಸವಣ್ಣೆಪ್ಪನವರ ಕೊಟ್ಟಿಗೆಗೆ ಹೋದೆ. ಅವರು ಊರಿಗೆ ಹಿರಿಯರು. ಅವರ ಹೋರಿ 'ಗುಡುಗು' ಅವರಿಗಿಂತ ಪ್ರಸಿದ್ಧ. ತೆರೆಯನ್ನು ದಿಟ್ಟಿಸಿ ನೋಡಿ, "ಕೋಡಿಲ್ಲ, ಕಾಲಿಲ್ಲ. ಇದು ಅಖಾಡದಾಗ ಹ್ಯಾಂಗ ಓಡಬೇಕ್ರಿ?" ಎಂದರು. ಅವೆಲ್ಲ ಪಟ್ಟಿಯ ಹಿಂದೆ ಇವೆಯೆಂದೆ. ಚಿಕ್ಕದು ಮಾಡಿ ತೋರಿಸಿದರೆ ಹೋರಿ ಆಡಿನ ಮರಿಯಾಗುತ್ತಿತ್ತು. ಹಬ್ಬದೊಳಗೆ ಪೂರ್ತಿ ಹೋರಿ ಕಾಣದಿದ್ದರೆ ಶಿಗ್ಗಾಂವಿಯ ಅಂಗಡಿಗೆ ಹೋಗುತ್ತೇನೆ ಎಂದುಬಿಟ್ಟರು. ಹೋರಿಯವರು ಒಬ್ಬರನ್ನು ನೋಡಿ ಒಬ್ಬರು ಅಂಗಡಿ ಹಿಡಿಯುವವರು; ಇವರು ಹೋದರೆ ನನ್ನ ದೀಪಾವಳಿ ಮುಗಿದಂತೆ.

ಇಂಟರ್ನೆಟ್ಟಿನ ಪಂಡಿತರನ್ನು ಕೇಳಿದೆ. ತೆರೆಯನ್ನು ಎಲ್ಲರಿಗೂ ಹಂಚಿಕೊಡುವ ಮ್ಯಾನೇಜರ್ ಹಾಕು, ಮೌಸ್ ಮುಟ್ಟುವುದೇ ಬೇಡ ಎಂದು ಉಪದೇಶಿಸಿದರು. ಗೋಡೆಯಗಲದ ತೆರೆ ಇಟ್ಟುಕೊಂಡವರಿಗೆ ಉಪದೇಶಕ್ಕೇನು ಖರ್ಚು! ಅದು ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಂತೆ ತೆರೆಯನ್ನು ಸೀಳಿತು. ಒಂದು ಪಾಲಿನಲ್ಲಿ ಫೋಟೋಗಳ ರಾಶಿ, ಇನ್ನೊಂದರಲ್ಲಿ ಗುಡುಗಿನ ಹೊಟ್ಟೆ ಮಾತ್ರ. ಕೊಟ್ಟಿಗೆಗೆ ಒಯ್ದು ತೋರಿಸಿದರೆ, ಹತ್ತಿ ತುಂಬಿದ ಅಂಡಿಗೆಗೂ ಈಗ ಫ್ಲೆಕ್ಸ್ ಹಾಕಿಸುತ್ತಾರೇನು ಎಂದು ಬಸವಣ್ಣೆಪ್ಪನವರು ಕೇಳಿದರು. ಮನೆಗೆ ಬಂದರೆ ಹೆಂಡತಿ, ಇದಕ್ಕಿಂತ ಶಾಲೆ ಹುಡುಗರ ಪಾಟಿ, ಪೇಣೆ ಒಯ್ಯಿರಿ ಎಂದಳು. ಸಿಟ್ಟು ನೆತ್ತಿಗೇರಿತು. ಇಂಥ ಮ್ಯಾನೇಜರುಗಳನ್ನು ಬರೆದವರನ್ನು ಒಂದು ದಿನ ಹೋರಿಯ ಎದುರು ನಿಲ್ಲಿಸಬೇಕೆನಿಸಿತು.

ಹಟ ಹಿಡಿದು ಹುಡುಕಿದೆ. ಪಟ್ಟಿ, ಗಡಿಯಾರ, ಗುಂಡಿ ಒಂದೂ ಇಲ್ಲದ, ಇಡೀ ತೆರೆಯನ್ನು ಒಂದೇ ಕಿಟಕಿಗೆ ಬಿಟ್ಟುಕೊಡುವ ಮ್ಯಾನೇಜರ್ ಕೊನೆಗೂ ಸಿಕ್ಕಿತು. ಕೋಡಿನ ತುದಿಯಿಂದ ಗೊರಸಿನವರೆಗೆ ಹೋರಿ ತೆರೆ ತುಂಬಿತು. ಕೊಟ್ಟಿಗೆಗೆ ಹೋಗಿ, ಗೆದ್ದವನ ಗತ್ತಿನಲ್ಲಿ ಬಸವಣ್ಣೆಪ್ಪನವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ತೆರೆ ನೋಡಿದರು. ಎದ್ದು ಹೋಗಿ, ಬಗ್ಗಿ ಗುಡುಗಿನ ಹಿಂಗಾಲು ನೋಡಿದರು. ಮತ್ತೆ ತೆರೆ ನೋಡಿದರು.

"ಡಿಸೈನ್ ಭಾಳ ಛಲೋ ಆಗೇತ್ರಿ. ಆದ್ರ ಈ ಹೋರಿ ನಮ್ಮದಲ್ರಿ."

ಹಿಂಗಾಲಿನ ಕರಿ ಮಚ್ಚೆ ತೋರಿಸಿ, ಇದು ಕಳೆದ ಹಬ್ಬದಲ್ಲಿ ತಮಗೆ ಪೈಪೋಟಿ ಕೊಟ್ಟ ಶಿಗ್ಗಾಂವಿ ಕಡೆಯ ಹೋರಿ ಎಂದರು. ಅದರ ಫೋಟೋವೂ ನನ್ನ ಹತ್ತಿರ ಇತ್ತು. ಮೈಗೆ ಝೂಲ ಹೊದಿಸಿ, ಕೊರಳಿಗೆ ಕೊಬ್ಬರಿ ಸರ ಹಾಕಿದರೆ ನನಗೆ ಎಲ್ಲ ಹೋರಿಯೂ ಒಂದೇ. ಗುಡುಗಿನದೆಂದು ನಾನೇ ಅದನ್ನು ಕೂರಿಸಿದ್ದೆ. ಈಗಲೇ ಬದಲಿಸಿಕೊಡುತ್ತೇನೆಂದು ಬೇಡಿಕೊಂಡು ಅಲ್ಲೇ ಗೋದಲಿಯ ಪಕ್ಕ ಕೂತೆ. ಅವರು ನನ್ನ ತಲೆಯ ಮೇಲೆ ಬಗ್ಗಿ ನಿಂತು ಒಂದೊಂದು ಗೊರಸನ್ನೂ ತಾಳೆ ನೋಡತೊಡಗಿದರು. ಯಂತ್ರವನ್ನಾದರೂ ಬೈದು ಮಾನ ಉಳಿಸಿಕೊಳ್ಳೋಣವೆಂದರೆ, ತೆರೆಯ ಮೇಲೆ ಬೈಯಲು ಒಂದು ಪಟ್ಟಿಯನ್ನೂ ನಾನು ಉಳಿಸಿರಲಿಲ್ಲ.