ಉಷ್ಣದವರು ದಯವಿಟ್ಟು ರಾಜೀನಾಮೆ ಕೊಡಬೇಕು

ಶ್ರೀಮಾನ್ ಉಷ್ಣ ಅವರಿಗೆ,
ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸಮಸ್ತ ದೇಹಗಳ ಉಸ್ತುವಾರಿಗಳು.

ಮಾನ್ಯರೇ,

ಕಣ್ಣು ಕೆಂಪಾದರೂ, ಬಾಯಿ ಹುಣ್ಣಾದರೂ, ಮದುವೆಯಾಗಿ ಐದು ವರ್ಷ ಮಕ್ಕಳಾಗದಿದ್ದರೂ ರಜೆಯಿಲ್ಲದೆ ಕಾರಣರಾಗಿ ದುಡಿಯುವ ತಮಗೆ ವೇಣೂರಿನ ಹಿಟ್ಟಿನ ಗಿರಣಿಯ ಡೊಂಬಯ್ಯನ ಅಡ್ಡಬಿದ್ದ ನಮಸ್ಕಾರಗಳು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೇಗೂ ಎಲ್ಲರ ಹೊಟ್ಟೆಯಲ್ಲಿ ಇರುವುದು ತಾವೇ ಅಲ್ಲವೇ.

ದೀಪಾವಳಿ ಕಳೆದ ಮೇಲೆ ನನಗೆ ಹೇಳಬಾರದ ಜಾಗದಲ್ಲಿ ತುರಿಕೆ ಶುರುವಾಯಿತು. ಹೇಳಬಾರದ್ದು ಎಂತದು, ಶಿಶ್ನದ ತುದಿಯಲ್ಲಿ. ಕೆಂಪು, ಉರಿ, ಬಿಳಿ ಪದರ. ಬಸ್‌ಸ್ಟಾಂಡಿನಲ್ಲಿ ಎಳನೀರಿನ ಬೊಂಡ ಕೆತ್ತಿ ಕೊಡುವ ಉಮ್ಮರ್‌ನ ಕಿವಿಯಲ್ಲಿ ಹೇಳಿದರೆ ಅವನು ಇಡೀ ಪೇಟೆಗೆ ಕೇಳುವ ಹಾಗೆ, "ಅದು ಉಷ್ಣ ಮಾರಾಯ! ಗಿರಣಿ ಎದುರು ದಿನವಿಡೀ ನಿಂತರೆ ಮತ್ತೆಂತ ಆಗುದು?" ಎಂದು ತಮ್ಮ ಹೆಸರನ್ನೇ ಹೇಳಿದ. ತಮ್ಮನ್ನು ತಣಿಸಲು ದಿನಕ್ಕೆ ಎರಡು ಬೊಂಡ, ಸಕ್ಕರೆ ಸುರಿದ ಪುನರ್ಪುಳಿ ಶರಬತ್ತು ಮೂರು ಲೋಟ, ಬೆಲ್ಲದ ರಾಗಿ ಮಣ್ಣಿ ಒಂದು ಬಟ್ಟಲು, ಹೀಗೆ ನಾಲ್ಕು ತಿಂಗಳು ಸೇವೆ ಮಾಡಿದೆ. ತಾವು ತಣಿಯಲಿಲ್ಲ; ಬದಲಿಗೆ ನನ್ನ ಹೆಂಡತಿ ಗುಲಾಬಿಯನ್ನೂ ವಿಚಾರಿಸಿಕೊಂಡಿರಿ, ಅವಳಿಗೂ ಅದೇ ತುರಿಕೆ.

ಅವಳು ನಲವತ್ತೆರಡು ವರ್ಷದ ಸಂಸಾರದಲ್ಲಿ ಕೇಳದ್ದನ್ನು ಕೇಳಿದಳು: "ಉಷ್ಣ ಒಬ್ಬರಿಂದ ಒಬ್ಬರಿಗೆ ಹಾರುವುದುಂಟಾ? ನೀವು ಮೂಡುಬಿದಿರೆಗೆ ಗಿರಣಿಯ ಬೆಲ್ಟ್ ತರಲಿಕ್ಕೆ ಹೋದದ್ದಾ, ಬೇರೆ ಎಲ್ಲಿಗಾದರೂ ಹೋದದ್ದಾ?" ಅವತ್ತಿನಿಂದ ನಾನು ಚಾವಡಿಯಲ್ಲಿ, ಅವಳು ಒಳಗೆ, ಮಾತು ಬಂದ್. ನಾಲ್ಕು ತಿಂಗಳು ನನ್ನ ಮನೆಯಲ್ಲಿ ಉಂಡು ತಿಂದ ತಾವು ನನ್ನ ಪರ ಒಂದು ಸಾಕ್ಷಿಯನ್ನಾದರೂ ಹೇಳಬಹುದಿತ್ತು.

ಕೊನೆಗೆ ಸಿಟ್ಟಿನಲ್ಲಿ ಅವಳನ್ನೂ ಹತ್ತಿಸಿಕೊಂಡು ಬೆಳ್ತಂಗಡಿಗೆ ಹೋದೆ. ಮೊಮ್ಮಗಳ ಪ್ರಾಯದ ಡಾಕ್ಟರ್ ರಿಫಾ ನನ್ನ ವರದಿ ಕೇಳಿ ನಗಲಿಲ್ಲ, ನಾಚಲಿಲ್ಲ. ನೋಡಿದರು, ಬೆರಳು ಚುಚ್ಚಿದರು. ರಕ್ತದಲ್ಲಿ ಸಕ್ಕರೆ ಮುನ್ನೂರ ನಲವತ್ತು! "ಅಜ್ಜ, ಇದು ಉಷ್ಣ ಅಲ್ಲ, ಶಿಲೀಂಧ್ರ. ಉಪ್ಪಿನಕಾಯಿಗೆ ಬೂಷ್ಟು ಬರ್ತದಲ್ಲ, ಅದೇ ಜಾತಿ. ನಿಮ್ಮ ಶರಬತ್ತೇ ಅದನ್ನು ಸಾಕಿದ್ದು," ಎಂದರು. ಗುಲಾಬಿಯ ಕಡೆ ತಿರುಗಿ, "ಇದು ಬರಲಿಕ್ಕೆ ಇವರು ಎಲ್ಲಿಗೂ ಹೋಗಬೇಕಂತಿಲ್ಲ ಅಜ್ಜಿ. ಇಬ್ಬರೂ ಒಟ್ಟಿಗೆ ಮದ್ದು ಮಾಡುವ," ಎಂದರು. ವಾಪಸು ಬಸ್ಸಿನಲ್ಲಿ ಗುಲಾಬಿ ಕಿಟಕಿಗೆ ಮುಖ ಮಾಡಿ, "ಚಾವಡಿಯಲ್ಲಿ ಸೊಳ್ಳೆ ಜಾಸ್ತಿ ಉಂಟಲ್ಲ?" ಎಂದಳು. ಕ್ಷಮೆ ಕೇಳಿದ್ದು ಅಷ್ಟೇ. ಸಾಕು.

ಆದ್ದರಿಂದ ಮಾನ್ಯರೇ, ತುರಿಕೆಯ ಖಾತೆಯನ್ನು ಬೂಷ್ಟಿಗೂ, ಉರಿಮೂತ್ರದ್ದನ್ನು ಮೂತ್ರ ಪರೀಕ್ಷೆಗೂ, ಮಕ್ಕಳಾಗದ್ದನ್ನು ಗಂಡ ಹೆಂಡತಿ ಇಬ್ಬರ ಪರೀಕ್ಷೆಗೂ ವಹಿಸಿಕೊಟ್ಟು, ಉಮ್ಮರ್‌ನ ಎದುರು ನಿಂತು 'ನನಗೆ ಡೊಂಬಯ್ಯನ ಪರಿಚಯವೇ ಇಲ್ಲ' ಎಂದು ಮೂರು ಸಲ ಕೂಗಿ, ಬೇಸಿಗೆಯ ಬಿಸಿಲು ಒಂದನ್ನೇ ನೋಡಿಕೊಂಡು ತಾವು ಸುಖವಾಗಿರಬೇಕೆಂದು ಕೇಳಿಕೊಳ್ಳುತ್ತೇನೆ.

ಇಲ್ಲಿಯವರೆಗೆ ಮೂರ್ಖನ ಹಾಗೆ ನಂಬಿದ
ತಮ್ಮ ವಿಶ್ವಾಸಿ,
ಡೊಂಬಯ್ಯ

ವಿ.ಸೂ.: ಶರಬತ್ತು ಬಿಡಿ, ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡಿ, ಹದಿನಾಲ್ಕು ದಿನ ಮುಲಾಮು ಹಚ್ಚಿ, ಅಲ್ಲಿಯವರೆಗೆ ದೂರ ಇರಿ ಎಂದಿದ್ದರು ಡಾಕ್ಟರ್. ಇವತ್ತು ಹದಿನೈದು, ಇಬ್ಬರಿಗೂ ತುರಿಕೆ ಇಲ್ಲ. ಉತ್ತರ ಬರೆಯುವುದಿದ್ದರೆ ಅಂಚೆಯಲ್ಲಿ ಹಾಕಿ. ಖುದ್ದಾಗಿ ಬರಬೇಡಿ, ನಮಗೆ ಪುರುಸೊತ್ತಿಲ್ಲ.