ಕಿಟಕಿಗೆ ಕಟ್ಟಿದ ಇಂಟರ್ನೆಟ್

ಬಾಲಾನಗರದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಮಲ್ಕಾಜ್‌ಗಿರಿಯ ಬಾಡಿಗೆ ಮನೆ ಬಿಟ್ಟು, ಮೇಡ್ಚಲ್ ದಾಟಿ ಇನ್ನೂ ಒಳಗಿರುವ ಒಂದು ಹಳ್ಳಿಯ ಅಂಚಿನಲ್ಲಿ ಮನೆ ಕಟ್ಟಿಸಿದೆ. ಹೈದರಾಬಾದಿನ ಗದ್ದಲವಿಲ್ಲ. ಹೊಗೆಯಿಲ್ಲ. ಇಂಟರ್ನೆಟ್ಟೂ ಇಲ್ಲ! ಕೇಬಲ್‌ನವನನ್ನು ಕೇಳಿದರೆ, ಹತ್ತು ಮನೆಯಾಗಲಿ, ಆಮೇಲೆ ನೋಡೋಣ ಎಂದು ತೆಲುಗಿನಲ್ಲಿ ಹೇಳಿ ಹೋದ. ಇದ್ದದ್ದು ಮೂರು ಮನೆ. ಅದರಲ್ಲಿ ಒಂದಕ್ಕೆ ಇನ್ನೂ ಗೋಡೆ ಏಳುತ್ತಿತ್ತು.

ನನ್ನ ಹೆಂಡತಿ ಶಾಂತಾ ಧಾರವಾಡದವಳು, ಕಸೂತಿಯಲ್ಲಿ ಎತ್ತಿದ ಕೈ. ಹನ್ನೆರಡು ಹೆಂಗಸರಿಗೆ ಆನ್‌ಲೈನ್‌ನಲ್ಲಿ ಕಲಿಸುವುದಾಗಿ ಮೊದಲ ಸಲ ಒಪ್ಪಿಕೊಂಡಿದ್ದಳು.

‘ಏನ್ರಿ, ನೆಟ್ ಇಲ್ದ ಕ್ಲಾಸ್ ಹೆಂಗ್ ಮಾಡ್ಲಿ?’

‘ನನ್ನ ಫೋನಿನ್ಯಾಗ ಹಾಟ್‌ಸ್ಪಾಟ್ ಐತಿ. ಮೂವತ್ತೈದು ವರ್ಷ ಮಷಿನ್ ಜೋಡಿ ಗುದ್ದಾಡಿದಾಂವ ನಾ. ನೀ ಚಿಂತಿ ಬಿಡು!’

ಕಾರ್ಯಾಚರಣೆ ಆರಂಭವಾಯಿತು. ಫೋನನ್ನು ದೇವರ ಕೋಣೆಯಲ್ಲಿಟ್ಟೆ. ಸಿಗ್ನಲ್ ಇಲ್ಲ. ಫ್ರಿಜ್ ಮೇಲಿಟ್ಟೆ. ಒಂದೇ ಕಡ್ಡಿ. ಕಾಂಪೌಂಡ್ ಕಡೆಯ ಕಿಟಕಿ ಸರಳಿಗೆ ಒತ್ತಿ ಹಿಡಿದಾಗ ಮೂರು ಕಡ್ಡಿ! ಪೈಜಾಮದ ಲಾಡಿ ಎಳೆದು ಅಲ್ಲೇ ಬಿಗಿದೆ. ನಾನೇ ಇಟ್ಟ ಪಾಸ್‌ವರ್ಡ್ ಎರಡು ಸಲ ನನಗೇ ಮರೆತುಹೋದದ್ದರಿಂದ ಅದನ್ನು ತೆಗೆದೇಬಿಟ್ಟೆ. ಈ ಬಯಲಿನಲ್ಲಿ ಇಂಟರ್ನೆಟ್ ಕದಿಯಲು ಬರುವವರು ಯಾರು, ಎಮ್ಮೆಗಳೇ?

ಇಂಟರ್ನೆಟ್ ಬಂತು, ನನ್ನ ನೆಮ್ಮದಿ ಹೋಯಿತು. ಫೋನನ್ನು ಮುಟ್ಟುವಂತಿಲ್ಲ. ಒಮ್ಮೆ ಕರೆ ಬಂತೆಂದು ಬಿಚ್ಚಿಕೊಂಡು ಗೇಟಿನವರೆಗೆ ಹೋದದ್ದಕ್ಕೆ, ಲ್ಯಾಪ್‌ಟಾಪ್ ಮುಂದೆ ಅಭ್ಯಾಸ ಮಾಡುತ್ತಿದ್ದ ಶಾಂತಾ ಕೂಗಿದಳು: ‘ಇಡೀ ಮನಿ ನೆಟ್ ಕಿಸೆದಾಗ ಹಾಕ್ಕೊಂಡ ಎಲ್ಲಿಗ್ ಹೊಂಟ್ರಿ?’

ಕೈ ಖಾಲಿ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಚಡಪಡಿಕೆ ತಾಳದೆ ಸಂಜೆ ಹೊರಗೆ ಬಂದೆ. ಪಕ್ಕದ ಮನೆ ಕಟ್ಟುತ್ತಿದ್ದ ರಾಯಚೂರು ಕಡೆಯ ಏಳು ಜನ ಗೌಂಡಿಗಳು ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಕುಳಿತಿದ್ದರು. ನಾನು ಕಾರ್ಖಾನೆಯ ಅನುಭವ ಹೇಳತೊಡಗಿದೆ. ಒಬ್ಬರೂ ಎದ್ದು ಹೋಗಲಿಲ್ಲ! ಮರುದಿನವೂ ಬಂದರು. ವಿನಯದಿಂದ ತಲೆ ತಗ್ಗಿಸಿ ಕೂರುತ್ತಿದ್ದರು, ಆಗಾಗ ನಗುತ್ತಿದ್ದರು. ನಗುವಂಥದ್ದು ನಾನು ಏನೂ ಹೇಳದಿದ್ದಾಗಲೂ ನಗುತ್ತಿದ್ದರು.

‘ನೋಡು, ಮಂದಿ ನನ್ನ ಮಾತಿಗೆ ಹೆಂಗ ಕಾಯ್ತಾರ!’ ಎಂದೆ.

‘ನಾನೂ ಮೂವತ್ತು ವರ್ಷ ಕೇಳೀನಿ. ಅವರು ಬರೋದು ಬ್ಯಾರೆ ಯಾವುದಕ್ಕೋ ಇರಬೇಕು’ ಎಂದಳು ಶಾಂತಾ.

ಹೊಟ್ಟೆಕಿಚ್ಚು ಎಂದುಕೊಂಡೆ.

ಎರಡು ವಾರ ಕಳೆದು ಕ್ಲಾಸಿನ ದಿನ ಬಂತು. ಅವತ್ತು ಗೌಂಡಿಗಳಿಗೂ ರಜೆ, ಮಧ್ಯಾಹ್ನದಿಂದಲೇ ಗೋಡೆಯ ಮೇಲೆ ಹಾಜರಿದ್ದರು. ಸಂಜೆ ಐದೂವರೆಗೆ ಶಾಂತಾ ಇಳಕಲ್ ಸೀರೆಯುಟ್ಟು ಕುಳಿತಳು. ‘ಮುರ್ಗಿ ಹೊಲಿಗಿ ಅಂದ್ರ ಮೆಟ್ಟಲದಂಗ...’ ಎಂದು ಸೂಜಿ ಎತ್ತಿದಳು. ಅಷ್ಟೇ! ಪರದೆಯಲ್ಲಿ ಹನ್ನೆರಡು ಹೆಂಗಸರು ಇದ್ದಲ್ಲೇ ಕಲ್ಲಾದರು. ಕಿಟಕಿಗೆ ಓಡಿದೆ. ದಿನದ ಡೇಟಾ ಮುಗಿದಿದೆ ಎಂಬ ಸಂದೇಶ!

‘ನೆಟ್ ಹೋತು!’ ಎಂದು ಅರಚಿದೆ.

‘ನಮ್ದೂ ಹೋತ್ರಿ!’ ಎಂದವು ಗೋಡೆಯ ಮೇಲಿಂದ ಏಳು ದನಿಗಳು.

ಏಳು ತಲೆಗಳೂ ಮೊದಲ ಬಾರಿಗೆ ಎತ್ತಿದ್ದವು. ಏಳು ಕೈಗಳಲ್ಲೂ ಮೊಬೈಲ್ ಇತ್ತು. ಎರಡು ವಾರ ಆ ತಲೆಗಳು ತಗ್ಗಿದ್ದು ವಿನಯಕ್ಕಲ್ಲ!

ಹಿರಿಯ ಗೌಂಡಿ ಹನುಮಂತಪ್ಪ ಇಳಿದು ಬಂದ. ‘ಅಮ್ಮಾರ ಕ್ಲಾಸ್ ನಿಂದ್ರಬಾರದ್ರಿ ಸಾಹೇಬ್ರ. ನನ್ನ ಫೋನ್ ಕಟ್ರಿ. ಇಷ್ಟ ದಿನ ನಿಮ್ದ ವಾಪರಿಸೀವಿ, ನಮ್ಮ ಡೇಟಾ ಹಂಗ ಐತಿ.’

ಕಟ್ಟಿದೆ. ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೇಳಿತು.

‘ಪಾಸ್‌ವರ್ಡ್ ಇಟ್ಟೀಯೇನಪ್ಪಾ?’

‘ಇಡಬೇಕಲ್ರಿ ಮತ್ತ! ಮಂದಿ ಬಿಡ್ತಾರೇನ್ರಿ?’

ಕ್ಲಾಸ್ ಸುಸೂತ್ರವಾಗಿ ಮುಗಿಯಿತು. ಅಂದೇ ಶಾಂತಾ ನನ್ನ ಫೋನಿಗೂ ಪಾಸ್‌ವರ್ಡ್ ಹಾಕಿದಳು, ನನಗೂ ಹೇಳಲಿಲ್ಲ. ಮರುದಿನ ಗೋಡೆ ಖಾಲಿ. ಅದರ ಮರುದಿನವೂ ಖಾಲಿ. ನಾನು ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಗೇಟಿಗೆ ಸುತ್ತಿದೆ.

ಮೂರನೆಯ ಸಂಜೆ ಹನುಮಂತಪ್ಪ ಒಬ್ಬನೇ ಬಂದು ಜಗುಲಿಯ ಮೇಲೆ ಕುಳಿತ. ಕೈಯಲ್ಲಿ ಫೋನಿಲ್ಲ! ನನ್ನ ಮುಖವನ್ನೇ ನೋಡುತ್ತ, ಹೂಂಗುಟ್ಟುತ್ತ ಅರ್ಧ ಗಂಟೆ ಕೇಳಿದ. ಒಬ್ಬನಾದರೇನು, ನಿಜವಾದ ಅಭಿಮಾನಿ!

ಆಮೇಲೆ ಅವನು ಎದ್ದ. ನನ್ನ ಕುರ್ಚಿಯ ಹಿಂದಿನ ಪ್ಲಗ್ಗಿನಿಂದ ತನ್ನ ಫೋನ್ ಕಿತ್ತುಕೊಂಡ.

‘ಫುಲ್ ಆತ್ರಿ ಸಾಹೇಬ್ರ. ನಮ್ಮ ಶೆಡ್‌ನ್ಯಾಗ ಕರೆಂಟ್ ಇಲ್ಲ. ಉಳಿದ ಕತಿ ನಾಳೆ ಹೇಳ್ರಿ, ಉಳಿದ ಆರು ಫೋನೂ ತರ್ತೀನಿ!’